ಅಂಟಿಸಿದ ಲಕೋಟೆಯೂ ದೇಶದ ಕಾವಲೂ

ಅಬಿಡ್ಸಿನ ದೊಡ್ಡ ಅಂಚೆ ಕಚೇರಿಯನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅಲ್ಲಿಯ ಪೆಟ್ಟಿಗೆಗೆ ಹಾಕಿದ ಲಕೋಟೆಯು ಹತ್ತು ಕೈಗಳನ್ನು ದಾಟಿದರೂ ಒಡೆಯದೆ ಊರು ಸೇರುವುದೆಂದು ನಾವು ನಂಬಿರುವೆವು. ಚಿಕ್ಕಂದಿನಲ್ಲಿ ನಾವು ಅಕ್ಷರವರಿಯದ ಅಜ್ಜಿಗೆ ಪತ್ರಗಳನ್ನು ಓದಿ ಹೇಳುತ್ತಿದ್ದೆವು. ಓದಿ ಮುಗಿಸಿದೊಡನೆ ಅವಳು, "ಇದನ್ನು ಬೀದಿಯಲ್ಲಿ ಆಡಬೇಡಪ್ಪಾ" ಎನ್ನುತ್ತಿದ್ದಳು. ಅವುಗಳಲ್ಲಿ ಅಪರಾಧವೇನೂ ಇರಲಿಲ್ಲ. ಮಗಳ ಕಾಯಿಲೆ, ತೀರದ ಕೈಸಾಲ, ಇಂತಹ ಮನೆಯ ಮಾತುಗಳಿದ್ದವು. ಮರೆಯಲ್ಲಿಡುವುದೆಲ್ಲ ಕಳವಿನ ಮಾಲಲ್ಲವೆಂಬುದನ್ನು ನಾವು ಅವಳಿಂದ ಕಲಿತೆವು. ಇಂದು ಪತ್ರದ ಸ್ಥಾನಕ್ಕೆ ಅಂತರಜಾಲದ ಸಂದೇಶಗಳು ಬಂದಿವೆ. ಅವನ್ನು ಸರ್ಕಾರವು ಯಾವಾಗ, ಎಷ್ಟರ ಮಟ್ಟಿಗೆ ತೆರೆದು ನೋಡಬಹುದು? ಇದೇ ಈ ಪಾಠದ ಪ್ರಶ್ನೆ.

ಈ ಪ್ರಶ್ನೆಯ ಎರಡು ಮುಖಗಳನ್ನೂ ನಮ್ಮ ನಗರವು ಕಂಡಿದೆ. 2007ರ ಆಗಸ್ಟ್ 25ರ ಸಂಜೆ ಲುಂಬಿನಿ ಉದ್ಯಾನದಲ್ಲಿಯೂ, ನಮಗೆ ಸಮೀಪದ ಕೋಠಿಯ ಗೋಕುಲ್ ಚಾಟ್ ಅಂಗಡಿಯಲ್ಲಿಯೂ ಬಾಂಬುಗಳು ಸಿಡಿದು 40ಕ್ಕೂ ಹೆಚ್ಚು ಮಂದಿ ಮಡಿದರು. ಪ್ರವಾಸಕ್ಕೆ ಬಂದಿದ್ದ ವಿದ್ಯಾರ್ಥಿಗಳೂ ಅವರಲ್ಲಿದ್ದರು. ಇಂತಹ ಸಂಚನ್ನು ಮೊದಲೇ ಅರಿತು ತಡೆಯುವುದು ಸರ್ಕಾರದ ಕರ್ತವ್ಯ. ಆದರೆ ಅದೇ ವರ್ಷ ಮೇ 18ರ ಮೆಕ್ಕಾ ಮಸೀದಿಯ ಸ್ಫೋಟದ ಬಳಿಕ ಸಂಶಯದ ಮೇಲೆ ಬಂಧಿತರಾದ ಹಲವು ತರುಣರನ್ನು ನ್ಯಾಯಾಲಯವು ಅನಂತರ ದೋಷಮುಕ್ತಗೊಳಿಸಿತು. ಅವರು ಸೆರೆಯಲ್ಲಿ ಕಳೆದ ದಿನಗಳನ್ನು ಹಿಂದಿರುಗಿಸಬಲ್ಲವರು ಯಾರು?

2008ರ ನವೆಂಬರಿನ ಮುಂಬಯಿ ದಾಳಿಯಾದ ಒಂದು ತಿಂಗಳೊಳಗೆ ಸಂಸತ್ತು ಮಾಹಿತಿ ತಂತ್ರಜ್ಞಾನ ಕಾಯಿದೆಯನ್ನು ತಿದ್ದಿತು. ದೇಶದ ಭದ್ರತೆಯೇ ಮೊದಲಾದ ಕಾರಣಗಳಿಗಾಗಿ ಸಂದೇಶಗಳನ್ನು ತಡೆದು ನೋಡುವ ಅಧಿಕಾರವು 69ನೆಯ ಕಲಮಿನಲ್ಲಿ ವಿಸ್ತಾರಗೊಂಡಿತು. ಅದೇ ತಿದ್ದುಪಡಿಯಲ್ಲಿ, ಕಿರಿಕಿರಿಯುಂಟುಮಾಡುವ ಬರಹವನ್ನೂ ಅಪರಾಧವೆನ್ನುವ 66ಎ ಕಲಮೂ ಸೇರಿತು. ಅದರ ಮಾತುಗಳು ಅಸ್ಪಷ್ಟವೆಂದೂ ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದೂ ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಅದನ್ನು ರದ್ದುಗೊಳಿಸಿತು.

ಇನ್ನು ಖಾಸಗಿತನದ ವಿಚಾರ. ಇಲ್ಲಿ ಕನ್ನಡಿಗರೊಬ್ಬರನ್ನು ನಾವು ನೆನೆಯಲೇಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಸಾರಿದರು. 2024ರಲ್ಲಿ ಪುಟ್ಟಸ್ವಾಮಿಯವರು ದಿವಂಗತರಾದರು. ಅವರ ಹೆಸರು ಆ ತೀರ್ಪಿನೊಡನೆ ಉಳಿದಿದೆ.

ಹಾಗೆಂದು ಈ ಹಕ್ಕು ಮಿತಿಯಿಲ್ಲದ್ದಲ್ಲ. ಸರ್ಕಾರವು ಅದರೊಳಗೆ ಕೈಯಿಡಬೇಕಾದರೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಅದಕ್ಕೆ ಕಾನೂನಿನ ಆಧಾರವಿದೆಯೇ? ಉದ್ದೇಶವು ನ್ಯಾಯವಾದುದೇ? ಕ್ರಮವು ಅಗತ್ಯಕ್ಕೆ ತಕ್ಕಷ್ಟೇ ಇದೆಯೇ? ದುರುಪಯೋಗಕ್ಕೆ ತಡೆಯಿದೆಯೇ? ಮೂರನೆಯದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ತರಗತಿಯಲ್ಲಿ ಗಡಿಯಾರವೊಂದು ಕಾಣೆಯಾದರೆ ಅಲ್ಲಿದ್ದವರನ್ನು ವಿಚಾರಿಸಬಹುದು; ಶಾಲೆಯ ಮಕ್ಕಳೆಲ್ಲರ ಮನೆಯ ಪೆಟ್ಟಿಗೆಗಳನ್ನು ತೆರೆಸುವುದು ಯುಕ್ತವಲ್ಲ. ಅಂತರಜಾಲವನ್ನು ಗೊತ್ತುಗುರಿಯಿಲ್ಲದೆ ಅನಿರ್ದಿಷ್ಟ ಕಾಲ ನಿಲ್ಲಿಸಕೂಡದೆಂದು 2020ರ ಜನವರಿ 10ರಂದು ಕಾಶ್ಮೀರದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದುದೂ ಈ ತತ್ತ್ವದಿಂದಲೇ.

ಈಗ 69ನೆಯ ಕಲಮನ್ನು ಈ ಒರೆಗಲ್ಲಿಗೆ ಹಚ್ಚೋಣ. 2009ರ ನಿಯಮಗಳ ಪ್ರಕಾರ ಸಾಮಾನ್ಯವಾಗಿ ಗೃಹ ಕಾರ್ಯದರ್ಶಿಯು ಕಾರಣಸಹಿತವಾಗಿ ಲಿಖಿತ ಆಜ್ಞೆ ನೀಡಬೇಕು. ಅದರ ಅವಧಿ 60 ದಿನ, ಮುಂದುವರಿಸಿದರೂ ಒಟ್ಟು 180 ದಿನ ಮೀರಬಾರದು. ಸಮಿತಿಯೊಂದು ಆಜ್ಞೆಗಳನ್ನು ಪರಿಶೀಲಿಸಬೇಕು. ಮೊದಲ ಎರಡು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಮೂರನೆಯದು ಒಂದೊಂದು ಆಜ್ಞೆಯನ್ನೂ ನೋಡಿ ತಿಳಿಯಬೇಕಾದುದು. ನಾಲ್ಕನೆಯದರಲ್ಲಿಯೇ ಕೊರತೆ. ಆ ಸಮಿತಿಯಲ್ಲಿರುವವರು ಸರ್ಕಾರದ ಕಾರ್ಯದರ್ಶಿಗಳೇ, ನ್ಯಾಯಾಧೀಶರಿಲ್ಲ. ಬೇಲಿಯ ಕಾವಲನ್ನು ಬೇಲಿಗೇ ಒಪ್ಪಿಸಿದಂತಾಯಿತಲ್ಲವೇ? ಕಾವಲುಗಾರನು ಬೇಕು; ಅವನ ಮೇಲೆ ಹೊರಗಿನವನೊಬ್ಬನ ಕಣ್ಣೂ ಬೇಕೆಂಬುದು ನಮ್ಮ ಅಭಿಪ್ರಾಯ.

ವಿದ್ಯಾರ್ಥಿಗಳೇ, ಕೋಠಿಯ ಹಾದಿಯಲ್ಲಿ ನಡೆಯುವಾಗ ಅಲ್ಲಿ ಮಡಿದವರನ್ನು ನೆನೆಯಿರಿ. ತಪ್ಪಿಲ್ಲದೆ ಸೆರೆಯಲ್ಲಿದ್ದವರನ್ನೂ ನೆನೆಯಿರಿ. ಮುಂದೆ ಮತದಾರರಾದಾಗ, ಯಾವ ಹೊಸ ಕಾಯಿದೆ ಬಂದರೂ ಈ ನಾಲ್ಕು ಪ್ರಶ್ನೆಗಳನ್ನು ಕೇಳಲು ಮರೆಯದಿರಿ. ಅಲ್ಲಿಯವರೆಗೆ, ಗೆಳೆಯನು ನಿಮ್ಮನ್ನು ನಂಬಿ ಬರೆದ ಸಂದೇಶವನ್ನು ಇನ್ನೊಬ್ಬರಿಗೆ ತೋರಿಸದಿರುವುದರಿಂದಲೇ ಅಭ್ಯಾಸವನ್ನು ಆರಂಭಿಸಬಹುದು.