ಐರ್ಲೆಂಡಿನ ಹಳ್ಳಿದಾರಿಗೆ ಬಸ್ಸು ಹತ್ತುವ ಮುನ್ನ

ಗೈಡ್ ಜೊತೆ ಗುಂಪಾಗಿ ಬಸ್ಸಿನಲ್ಲಿ ಹೋಗುವ ಪ್ರವಾಸವೆಂದರೆ ನಿಮ್ಮಲ್ಲಿ ಹಲವರು ಮೂಗು ಮುರಿಯುತ್ತೀರಿ. ಅದೆಲ್ಲ ವಯಸ್ಸಾದವರಿಗೆ, ಸ್ವಂತವಾಗಿ ಓಡಾಡಲು ಗೊತ್ತಿಲ್ಲದವರಿಗೆ ಎನ್ನುತ್ತೀರಿ. ಡಬ್ಲಿನ್‌ನಲ್ಲಿ ಕೆಲಸಕ್ಕಿರುವ ನಮ್ಮ ಮಕ್ಕಳು, ಊರಿನಿಂದ ಅಪ್ಪ ಅಮ್ಮ ಬಂದ ಕೂಡಲೇ ಬಾಡಿಗೆ ಕಾರು ಹಿಡಿದು ನಾಲ್ಕು ದಿನದಲ್ಲಿ ಇಡೀ ದ್ವೀಪ ಸುತ್ತಿಸಿಬಿಡಲು ಹೊರಡುತ್ತಾರೆ. ಐರ್ಲೆಂಡಿನ ಪಶ್ಚಿಮದ ರಸ್ತೆಗಳು ಬಹಳ ಕಿರಿದು. ಎರಡೂ ಬದಿಗೆ ಕಲ್ಲುಗೋಡೆ, ತಿರುವು ದಾಟಿದರೆ ಕುರಿಮಂದೆ. ಅಲ್ಲಿ ಕಾರು ಓಡಿಸುವವರ ಕಣ್ಣಿಗೆ ರಸ್ತೆ ಬಿಟ್ಟು ಬೇರೇನೂ ಬೀಳುವುದಿಲ್ಲ. ಪಕ್ಕದಲ್ಲಿ ಕೂತ ಅಪ್ಪ ಸೀಟು ಬಿಗಿಹಿಡಿದುಕೊಂಡೇ ದಿನ ಕಳೆಯುತ್ತಾರೆ.

ಅದಕ್ಕೇ ಹೇಳುತ್ತಿದ್ದೇನೆ. ಮೊದಲ ಸಲ ಆ ಹಳ್ಳಿಗಾಡು ನೋಡುವುದಾದರೆ ಮಾರ್ಗದರ್ಶಿಯಿರುವ ಬಸ್ಸಿನಲ್ಲೇ ಹೋಗಿ. ಹೋದ ಮೇಲೆ ಬಸ್ಸು ನಿಲ್ಲುವ ಜಾಗಗಳಿಗೆ ಕೊಡುವಷ್ಟೇ ಗಮನವನ್ನು ನಡುವಿನ ದಾರಿಗೂ ಕೊಡಿ. ಆ ನಾಡಿನ ಕಥೆಯೆಲ್ಲ ಹೊಲದಲ್ಲಿ, ಗೋಡೆಯಲ್ಲಿ, ಸೂರು ಹಾರಿಹೋದ ಮನೆಗಳಲ್ಲಿ ಹರಡಿಕೊಂಡಿದೆ. ಅದಕ್ಕೆ ಟಿಕೆಟ್ ಇಲ್ಲ, ಫಲಕವೂ ಇಲ್ಲ. ಬಲ್ಲವರು ಹೇಳಬೇಕು, ನೀವು ಕಿಟಕಿಯಾಚೆ ನೋಡುತ್ತಿರಬೇಕು.

ಪ್ರವಾಸ ಆರಿಸುವಾಗ ಜಾಗಗಳ ಪಟ್ಟಿಯ ಉದ್ದ ನೋಡಿ ಮರುಳಾಗಬೇಡಿ. ಬೆಳಗ್ಗೆ ಡಬ್ಲಿನ್ ಬಿಟ್ಟು ಮೊಹರ್ ಕಡಿಬಂಡೆಗಳನ್ನು ತೋರಿಸಿ ರಾತ್ರಿ ವಾಪಸು ತಂದುಬಿಡುವ ಒಂದು ದಿನದ ಬಸ್ಸುಗಳಿವೆ. ಪೂರ್ವದ ಕರಾವಳಿಯಿಂದ ಪಶ್ಚಿಮದ ಕರಾವಳಿಗೆ ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ವಯಸ್ಸಾದವರನ್ನು ಅಂಥದ್ದಕ್ಕೆ ಹತ್ತಿಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಕಿಲಾರ್ನಿಯಲ್ಲೋ ಗಾಲ್ವೆಯಲ್ಲೋ ಒಂದೇ ಹೋಟೆಲಿನಲ್ಲಿ ಕನಿಷ್ಠ ಎರಡು ರಾತ್ರಿ ತಂಗಿಸುವ ಪ್ರವಾಸ ಹುಡುಕಿ. ದಿನಾ ಬೆಳಗ್ಗೆ ಸೂಟ್‌ಕೇಸ್ ಕಟ್ಟುವುದು ತಪ್ಪಿದರೆ ಅರ್ಧ ಆಯಾಸ ತಪ್ಪಿದಂತೆ.

ಬೆಲ್‌ಫಾಸ್ಟ್ ಅಥವಾ ಜೈಂಟ್ಸ್ ಕಾಸ್‌ವೇ ಪಟ್ಟಿಯಲ್ಲಿದ್ದರೆ ಎಚ್ಚರ. ಅವು ಉತ್ತರ ಐರ್ಲೆಂಡಿನಲ್ಲಿವೆ, ಅಂದರೆ ಬ್ರಿಟನ್ನಿನ ಆಡಳಿತದಲ್ಲಿ. ಗಡಿಯಲ್ಲಿ ಗೇಟಿಲ್ಲ, ಪಾಸ್‌ಪೋರ್ಟ್ ನೋಡಲು ಬಸ್ಸು ನಿಲ್ಲಿಸುವ ಠಾಣೆಯಿಲ್ಲ. ಕಿಲೋಮೀಟರ್ ಫಲಕಗಳು ಮೈಲಿಗೆ ತಿರುಗಿದಾಗಲೇ ಗಡಿ ದಾಟಿದ್ದು ಗೊತ್ತಾಗುವುದು. ಆದರೂ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಲ್ಲಿ ಬ್ರಿಟನ್ನಿನ ವೀಸಾ, ಇಲ್ಲವೇ ಭಾರತದಲ್ಲಿ ಪಡೆದ, ‘BIVS’ ಎಂಬ ಗುರುತಿರುವ ಐರ್ಲೆಂಡಿನ ಅಲ್ಪಾವಧಿ ವೀಸಾ ಬೇಕೇ ಬೇಕು. ಡಬ್ಲಿನ್‌ನಲ್ಲಿ ವರ್ಷಗಟ್ಟಲೆ ಇದ್ದು ಅಲ್ಲಿನ ವಾಸದ ಕಾರ್ಡು ಪಡೆದವರಿಗೂ ಬ್ರಿಟನ್ನಿನ ವೀಸಾ ತಪ್ಪಿದ್ದಲ್ಲ. ಷೆಂಗೆನ್ ವೀಸಾ ಅಂತೂ ಈ ಎರಡು ಕಡೆಯೂ ನಡೆಯುವುದಿಲ್ಲ. ಯಾರೂ ಕೇಳುವುದಿಲ್ಲ ಬಿಡಿ ಎಂದು ಸಹೋದ್ಯೋಗಿಗಳು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಪರದೇಶದಲ್ಲಿ ಬಾಳುವವರು ಕಾಗದಪತ್ರದ ವಿಷಯದಲ್ಲಿ ಅದೃಷ್ಟವನ್ನು ನಂಬಬಾರದು.

ಇನ್ನು ಸಮಯ. ಗುಂಪಿನಲ್ಲಿ ಹೋಗುವವರ ಮೊದಲ ಮರ್ಯಾದೆ ಇದೇ. ಹತ್ತೂವರೆಗೆ ಬಸ್ಸಿಗೆ ಬನ್ನಿ ಎಂದರೆ ಹತ್ತು ಇಪ್ಪತ್ತೈದಕ್ಕೆ ಸೀಟಿನಲ್ಲಿ ಕೂತಿರಬೇಕು. ಇದರ ಹಿಂದೆ ಶಿಸ್ತಿನ ಮಾತಷ್ಟೇ ಅಲ್ಲ, ಕಾನೂನೂ ಇದೆ. ಐರೋಪ್ಯ ಒಕ್ಕೂಟದ ನಿಯಮದಂತೆ ಚಾಲಕರು ನಾಲ್ಕೂವರೆ ಗಂಟೆ ಬಸ್ಸು ಓಡಿಸಿದ ಮೇಲೆ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು. ದಿನಕ್ಕೆ ಒಟ್ಟು 9 ಗಂಟೆ ಓಡಿಸಬಹುದು, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆ. ಬಸ್ಸಿನಲ್ಲಿರುವ ಟ್ಯಾಕೋಗ್ರಾಫ್ ಯಂತ್ರ ಪ್ರತಿ ನಿಮಿಷವನ್ನೂ ಬರೆದಿಟ್ಟುಕೊಳ್ಳುತ್ತದೆ. ಊರಾಚೆಯ ಕಾಫಿ ಅಂಗಡಿಯ ಮುಂದೆ ಬಸ್ಸು ಸುಮ್ಮನೆ ನಿಂತಿದೆ ಎಂದು ಗೊಣಗುವಾಗ ಇದು ನೆನಪಿರಲಿ. ನೀವು ಕಾಲು ಗಂಟೆ ತಡಮಾಡಿದರೆ ಸಂಜೆ ಕೊನೆಯ ಊರಿನಲ್ಲಿ ಎಲ್ಲರಿಗೂ ಅಷ್ಟೇ ಹೊತ್ತು ಕಡಿಮೆಯಾಗುತ್ತದೆ. ಐರ್ಲೆಂಡಿನಲ್ಲಿ ಬಹಳ ಸಲ ಚಾಲಕರೇ ಮಾರ್ಗದರ್ಶಿ. ಒಂದು ಕೈಯಷ್ಟೇ ಅಂತರದಲ್ಲಿ ಎದುರು ಬಸ್ಸು ಹಾಯುವ ದಾರಿಯಲ್ಲಿ ಸ್ಟೀರಿಂಗ್ ಹಿಡಿದುಕೊಂಡೇ ನಿಮಗೆ ಕಥೆ ಹೇಳುವವರು. ಅವರ ಹೆಸರು ಕೇಳಿ ತಿಳಿದುಕೊಳ್ಳಿ, ಇಳಿಯುವಾಗ ಪ್ರತಿ ಸಲ ಥ್ಯಾಂಕ್ಸ್ ಹೇಳಿ. ಅಲ್ಲಿ ಊರಿನ ಸಿಟಿ ಬಸ್ಸಿನಿಂದ ಇಳಿಯುವವರೂ ಹೇಳುತ್ತಾರೆ. ಪ್ರವಾಸ ಮುಗಿದ ದಿನ ಕೈಲಾದಷ್ಟು ಟಿಪ್ಸ್ ಕೊಡಿ.

ಕಿಟಕಿ ಸೀಟಿಗಾಗಿ ಜಗಳ ಬೇಡ. ಅನೇಕ ಪ್ರವಾಸಗಳಲ್ಲಿ ದಿನಕ್ಕೊಂದು ಸಲ ಸೀಟು ಬದಲಾಯಿಸುತ್ತಾರೆ. ಆದರೆ ಆರಿಸಿಕೊಳ್ಳುವ ಅವಕಾಶ ಸಿಕ್ಕರೆ ಒಂದು ವಿಷಯ ತಿಳಿದಿರಲಿ. ಸುಮಾರು 179 ಕಿಲೋಮೀಟರ್ ಉದ್ದದ ರಿಂಗ್ ಆಫ್ ಕೆರಿ ದಾರಿಯಲ್ಲಿ ಬಸ್ಸುಗಳು ಕಿಲಾರ್ನಿಯಿಂದ ಅಪ್ರದಕ್ಷಿಣೆಯಾಗಿ ಹೋಗುತ್ತವೆ, ಎದುರುಬದುರಾದರೆ ದಾಟಲು ಜಾಗವಿಲ್ಲದ್ದಕ್ಕೆ. ಹಾಗಾಗಿ ಸಮುದ್ರ ಬಲಕ್ಕೆ. ಡಿಂಗಲ್‌ನ ಸ್ಲೇ ಹೆಡ್ ದಾರಿಯಲ್ಲಿ ಪ್ರದಕ್ಷಿಣೆ, ಸಮುದ್ರ ಎಡಕ್ಕೆ. ಒಳ್ಳೆಯ ಬದಿಯನ್ನು ಅಪ್ಪ ಅಮ್ಮನಿಗೆ ಬಿಟ್ಟುಕೊಡಿ. ಗುಂಪಿನಲ್ಲಿ ಬೇರೆ ಯಾರಾದರೂ ಹಿರಿಯರು ಒಂಟಿಯಾಗಿ ಬಂದಿದ್ದರೆ ಅವರಿಗೂ.

ಈಗ ಕಿಟಕಿಯಾಚೆಗೆ ಬನ್ನಿ. ಪಶ್ಚಿಮದ ಕಾನೆಮಾರಾ ಸೀಮೆಯಲ್ಲಿ ಸಂಜೆಯ ಇಳಿಬಿಸಿಲು ಗುಡ್ಡದ ಮೇಲೆ ಬಿದ್ದಾಗ ಹುಲ್ಲಿನ ಕೆಳಗೆ ಉದ್ದುದ್ದ ಗೆರೆಗಳು ಕಾಣುತ್ತವೆ. ಮನೆ ಮಠ ಏನೂ ಇಲ್ಲದ ಇಳಿಜಾರಿನಲ್ಲಿ, ಬಂಡೆಗಳ ನಡುವೆ, ಇನ್ನು ಮೇಲೆ ಹತ್ತಲಾಗದು ಎನ್ನುವವರೆಗೂ ಆ ಗೆರೆಗಳಿವೆ. ಅವು ಆಲೂಗಡ್ಡೆಯ ಬೋದುಗಳು. ಒಳ್ಳೆಯ ನೆಲವೆಲ್ಲ ಜಮೀನ್ದಾರರದ್ದು. ಬಡವರು ಸಮುದ್ರದ ಪಾಚಿಯನ್ನು ಬೆನ್ನ ಮೇಲೆ ಹೊತ್ತು ತಂದು ಗೊಬ್ಬರ ಮಾಡಿ, ಗುದ್ದಲಿಯಿಂದ ಮಣ್ಣು ಏರಿಸಿ ಆ ಗುಡ್ಡಗಳಲ್ಲಿ ಬೆಳೆದರು. 1845ರಲ್ಲಿ ಬೆಳೆಗೆ ಅಂಗಮಾರಿ ರೋಗ ಬಿತ್ತು. ಇವತ್ತಿಗೂ ಮಳೆ ಹಿಡಿದರೆ ಹಾಸನದ ಆಲೂಗಡ್ಡೆ ಬೆಳೆಗಾರರನ್ನು ನಿದ್ದೆಗೆಡಿಸುವುದು ಅದೇ ರೋಗ. ನಮ್ಮ ರೈತರಿಗೆ ಅದರಿಂದ ಒಂದು ಬೆಳೆಯ ನಷ್ಟ, ಸಾಲ. ಆ ಬಡವರಿಗೆ ಊಟವೆಂದರೆ ಅದೊಂದೇ ಆಗಿತ್ತು. 1852ರ ಹೊತ್ತಿಗೆ ಸುಮಾರು 10 ಲಕ್ಷ ಜನ ಹಸಿವಿನಿಂದ, ಜ್ವರದಿಂದ ಸತ್ತಿದ್ದರು. ಅಷ್ಟೇ ಜನ ದೇಶ ಬಿಟ್ಟಿದ್ದರು. ಅದೇ ವರ್ಷಗಳಲ್ಲಿ ದ್ವೀಪದ ಬಂದರುಗಳಿಂದ ಧಾನ್ಯ, ಬೆಣ್ಣೆ, ದನಗಳು ಹೊರಗೆ ಹೋಗುತ್ತಲೇ ಇದ್ದವು. 1841ರ ಗಣತಿಯಲ್ಲಿ ದ್ವೀಪದ ಜನಸಂಖ್ಯೆ 80 ಲಕ್ಷ ದಾಟಿತ್ತು. ಉತ್ತರ, ದಕ್ಷಿಣ ಎರಡನ್ನೂ ಕೂಡಿಸಿದರೂ ಇಂದಿಗೂ ಆ ಸಂಖ್ಯೆ ಮರಳಿಲ್ಲ.

ಆ ಬೋದುಗಳನ್ನು ಆಮೇಲೆ ಯಾರೂ ಅಗೆಯಲಿಲ್ಲ. ಬರೆನ್ ಸೀಮೆಗೆ ಬಂದರೆ ಬೋಳು ಸುಣ್ಣಕಲ್ಲಿನ ಬೆಟ್ಟಗಳ ಮೇಲೆ ಯಾವ ಹೊಲವನ್ನೂ ಕಾಯದ ಗೋಡೆಗಳು ನೆಟ್ಟಗೆ ಏರಿಹೋಗುತ್ತವೆ. ಬರಗಾಲದಲ್ಲಿ ಹಸಿದವರಿಗೆ ಕೂಲಿ ಕೊಡುವ ನೆಪದಲ್ಲಿ ಕಟ್ಟಿಸಿದ್ದು ಅವುಗಳಲ್ಲಿ ಎಷ್ಟೋ. ಮಾರ್ಗದರ್ಶಿ ಇದನ್ನು ಹೇಳುವಾಗ ದನಿ ತಗ್ಗಿಸುತ್ತಾರೆ. ಆಗ ನೀವು ಫೋನಿನಲ್ಲಿ ರೀಲ್ಸ್ ನೋಡುತ್ತಿರಬಾರದು. ಇದನ್ನು ಕೇಳಿಕೊಳ್ಳುತ್ತಿಲ್ಲ, ಕಟ್ಟುನಿಟ್ಟಾಗಿ ಹೇಳುತ್ತಿದ್ದೇನೆ.

ನಿಮ್ಮ ಬಸ್ಸಿನಲ್ಲಿ ಅಮೆರಿಕ, ಆಸ್ಟ್ರೇಲಿಯಾದಿಂದ ಬಂದವರು ಹಲವರಿರುತ್ತಾರೆ. ಮುತ್ತಜ್ಜ ಬಿಟ್ಟುಹೋದ ಊರಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಬಂದವರೂ ಅವರಲ್ಲಿರುತ್ತಾರೆ. ಕಾರ್ಕ್ ಬಳಿ ಕೋವ್ ಎಂಬ ಬಂದರಿದೆ. 1912ರಲ್ಲಿ ಟೈಟಾನಿಕ್ ಕೊನೆಯದಾಗಿ ನಿಂತದ್ದು ಅಲ್ಲಿ ಎಂದು ಎಲ್ಲರೂ ಫೋಟೊ ತೆಗೆಯುತ್ತಾರೆ. ಆದರೆ 1848ರಿಂದ 1950ರವರೆಗೆ ಸುಮಾರು 25 ಲಕ್ಷ ಜನ ಹಡಗು ಹತ್ತಿ ದೇಶ ಬಿಟ್ಟದ್ದು ಆ ಒಂದೇ ಬಂದರಿನಿಂದ. ದಂಡೆಯಲ್ಲಿ ತಮ್ಮಂದಿರಿಬ್ಬರ ಜೊತೆ ನಿಂತ ಹುಡುಗಿಯ ಕಂಚಿನ ಪ್ರತಿಮೆಯೊಂದಿದೆ. ಅವಳು ಆನಿ ಮೂರ್. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸಿಗರ ಕಚೇರಿ ಬಾಗಿಲು ತೆರೆದಾಗ ಮೊದಲು ಒಳಗೆ ಹೋದವಳು. ಆ ಪ್ರತಿಮೆಯ ಮುಂದೆ ಸಹಪ್ರಯಾಣಿಕರು ಕಣ್ಣೊರೆಸಿಕೊಂಡರೆ ಸ್ವಲ್ಪ ದೂರ ಸರಿದು ನಿಲ್ಲಿ. ಸಂಜೆ ಊಟದ ಮೇಜಿನಲ್ಲಿ ಅವರ ಪಕ್ಕ ಕೂತು, ನಿಮ್ಮ ಹಿರಿಯರು ಯಾವ ಊರಿನವರು ಎಂದು ಕೇಳಿ. ಊರು ಬಿಟ್ಟು ಬಂದ ನಿಮಗೂ ಅವರಿಗೂ ಮಾತಿಗೆ ಬರವಿರುವುದಿಲ್ಲ. ನಮ್ಮವರು ನಾಲ್ಕು ಜನ ಸಿಕ್ಕರೆ ಹಿಂದಿನ ಸೀಟಿನಲ್ಲಿ ಗುಂಪುಗೂಡಿ ಕನ್ನಡದಲ್ಲೇ ಗಲಗಲ ಮಾತಾಡಿಕೊಂಡು ಹೋಗುವುದುಂಟು. ಕನ್ನಡ ಮಾತಾಡಿ, ಬೇಡವೆನ್ನುವುದಿಲ್ಲ. ಮಾರ್ಗದರ್ಶಿಯ ದನಿಯ ಮೇಲೆ ಬೇಡ, ಇಡೀ ದಿನ ನಮ್ಮ ನಮ್ಮಲ್ಲೇ ಬೇಡ.

ಕಥೆ ಹೇಳುವುದು ಅಲ್ಲಿನವರಿಗೆ ರಕ್ತಗತ. 1937ರಿಂದ 1939ರವರೆಗೆ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಸರ್ಕಾರ ಒಂದು ಕೆಲಸ ಕೊಟ್ಟಿತ್ತು. ಮನೆಗೆ ಹೋಗಿ ಅಜ್ಜ ಅಜ್ಜಿಯರಿಂದ, ನೆರೆಯ ಮುದುಕರಿಂದ ಊರಿನ ಕಥೆ, ಮನೆಮದ್ದು, ಬರಗಾಲದ ನೆನಪು, ಹಬ್ಬದ ಪದ್ಧತಿ ಕೇಳಿ ಬರೆದು ತನ್ನಿ ಎಂದು. ಅದು ಲಕ್ಷಾಂತರ ಪುಟವಾಯಿತು, ಇಂದಿಗೂ ಭದ್ರವಾಗಿದೆ. ನಿಮ್ಮ ಮಾರ್ಗದರ್ಶಿ ಹೇಳುವ ಎಷ್ಟೋ ಮಾತಿನ ಬೇರು ಅಂಥ ನೋಟುಪುಸ್ತಕಗಳಲ್ಲಿದೆ. ಭಾಷೆಯ ಕಥೆ ಮಾತ್ರ ನೋವಿನದು. ಸಂವಿಧಾನದಲ್ಲಿ ಐರಿಷ್ ಮೊದಲ ಅಧಿಕೃತ ಭಾಷೆ. ಆದರೆ 2022ರ ಗಣತಿಯಲ್ಲಿ ಶಾಲೆಯ ಹೊರಗೆ ದಿನವೂ ಅದನ್ನಾಡುತ್ತೇವೆ ಎಂದವರು ಸುಮಾರು 72,000 ಜನ ಮಾತ್ರ. ಡಿಂಗಲ್‌ನ ಪಶ್ಚಿಮಕ್ಕೆ, ಕಾನೆಮಾರಾದ ಕರಾವಳಿಯಲ್ಲಿ ರಸ್ತೆಯ ಫಲಕಗಳು ಬರೀ ಐರಿಷ್‌ನಲ್ಲಿರುತ್ತವೆ. ಅಲ್ಲಿ ಅಂಗಡಿಗೆ ಹೋದಾಗ ಮನೆಮಂದಿ ತಮ್ಮತಮ್ಮಲ್ಲಿ ಯಾವ ಭಾಷೆ ಆಡುತ್ತಾರೆ ಕಿವಿಗೊಟ್ಟು ಕೇಳಿ. ಮನೆಯಲ್ಲಿ ಮಕ್ಕಳೊಡನೆ ಇಂಗ್ಲಿಷಿನಲ್ಲೇ ಮಾತಾಡುವ ಕನ್ನಡದ ಎಳೆಯ ತಂದೆತಾಯಂದಿರು ಇದನ್ನು ಕೇಳಿಸಿಕೊಳ್ಳಲೇಬೇಕು ಎನ್ನುವುದು ನನ್ನ ಆಸೆ.

ಕೆರಿಯ ಬೆಟ್ಟಗಳಲ್ಲಿ ಕುರಿನಾಯಿಯ ಕೆಲಸ ತೋರಿಸಲು ಬಸ್ಸು ನಿಲ್ಲಿಸಿದರೆ, ಇದೇನು ಮಕ್ಕಳಾಟ ಎಂದು ಒಳಗೇ ಕೂರಬೇಡಿ. ಕುರುಬ ಬೇಲಿಯ ಹತ್ತಿರ ನಿಂತಲ್ಲಿಂದ ಕದಲುವುದಿಲ್ಲ. ಒಂದು ಸಿಳ್ಳೆಗೆ ನಾಯಿ ಗುಡ್ಡದ ತುದಿಗೆ ಓಡುತ್ತದೆ. ‘ಕಮ್ ಬೈ’ ಎಂದರೆ ಮಂದೆಯನ್ನು ಪ್ರದಕ್ಷಿಣೆಯಾಗಿ ಸುತ್ತುತ್ತದೆ, ‘ಅವೇ’ ಎಂದರೆ ಅಪ್ರದಕ್ಷಿಣೆಯಾಗಿ. ಬೊಗಳುವುದಿಲ್ಲ, ಕಚ್ಚುವುದಿಲ್ಲ. ಹೊಟ್ಟೆ ನೆಲಕ್ಕೆ ತಾಗಿಸಿ ಕುರಿಗಳನ್ನು ದಿಟ್ಟಿಸಿ ನೋಡುತ್ತದೆ, ಅಷ್ಟಕ್ಕೇ ಮಂದೆ ಕದಲುತ್ತದೆ. ಕುರಿಗಳ ಬೆನ್ನಿಗೆ ನೀಲಿ, ಕೆಂಪು ಬಣ್ಣ ಬಳಿದಿರುತ್ತಾರೆ. ಗುಡ್ಡ ಎಲ್ಲರಿಗೂ ಸೇರಿದ್ದು, ಬೇಲಿಯಿಲ್ಲ, ಬಣ್ಣ ನೋಡಿಯೇ ಯಾರ ಕುರಿ ಎಂದು ಗುರುತು ಹಿಡಿಯಬೇಕು. ಹೊಲಮನೆ ಗೊತ್ತಿರುವ ಅಪ್ಪಂದಿರಿಗೆ ಅರಮನೆಗಿಂತ ಇದು ಹಿಡಿಸುತ್ತದೆ. ಕುರಿಯ ರೇಟು ಏನು, ಉಣ್ಣೆಗೆ ಏನು ಸಿಗುತ್ತದೆ ಎಂದು ಅವರು ಕೇಳಬಯಸುತ್ತಾರೆ. ನಾಚಿಕೆ ಪಡದೆ ದುಭಾಷಿಯಾಗಿ ನಿಲ್ಲಿ.

ಮೊಹರ್‌ನಲ್ಲಿ ಬಂಡೆ 214 ಮೀಟರ್‌ವರೆಗೆ ಏಳುತ್ತದೆ. ಕೆಳಗೆ ನೇರ ಅಟ್ಲಾಂಟಿಕ್. ಹಾಕಿದ ದಾರಿ ಬಿಟ್ಟು ಅಂಚಿಗೆ ಹೋಗಬೇಡಿ. ಫೋಟೊ ತೆಗೆಯಲು ಹೋಗಿ ಅಲ್ಲಿ ಪ್ರಾಣ ಬಿಟ್ಟವರಿದ್ದಾರೆ. ಆ ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಟೋಪಿಯಿರುವ ಮಳೆಕೋಟು ಬೇಕು. ಜೂನ್, ಜುಲೈ ಎಂದು ಸ್ವೆಟರ್ ಬಿಡಬೇಡಿ. ಮಾತ್ರೆಗಳು ಡಿಕ್ಕಿಗೆ ಹಾಕುವ ಸೂಟ್‌ಕೇಸಿನಲ್ಲಿ ಬೇಡ, ಕೈಚೀಲದಲ್ಲಿರಲಿ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಎಲ್ಲ ಕಡೆ ತರಕಾರಿ ಸೂಪು, ಕಂದು ಬಣ್ಣದ ಸೋಡಾ ಬ್ರೆಡ್ಡು ಸಿಗುತ್ತದೆ. ಆದರೆ ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕಿದ್ದಾರೆಯೇ ಎಂದು ಕೇಳಿಯೇ ಕುಡಿಯಿರಿ. ಊರಿನಿಂದ ಬರುವವರಿಗೆ ಒಂದು ಮಾತು ಮೊದಲೇ ಹೇಳಿಬಿಡಿ. ತುಪ್ಪ, ಪೇಡೆಯಂಥ ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದ ಹೊರಗಿನಿಂದ ತರುವಂತಿಲ್ಲ. ಅಮ್ಮ ಅಕ್ಕರೆಯಿಂದ ಕಟ್ಟಿ ತಂದದ್ದು ವಿಮಾನ ನಿಲ್ದಾಣದ ಕಸದ ಬುಟ್ಟಿ ಸೇರಿದರೆ ಅವರಿಗಾಗುವ ಬೇಸರ ಇಡೀ ಪ್ರವಾಸಕ್ಕೆ ಅಂಟಿಕೊಳ್ಳುತ್ತದೆ.

ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು. ಹಗಲು ಉದ್ದ, ಜನ ಕಡಿಮೆ. ಐರ್ಲೆಂಡಿನ ವೀಸಾಕ್ಕೆ ಪ್ರಯಾಣದ ಮೂರು ತಿಂಗಳ ಮೊದಲೇ ಅರ್ಜಿ ಹಾಕಬಹುದು, ಕೊನೆಯ ವಾರದವರೆಗೆ ಕಾಯಬೇಡಿ. ರಜೆ ಸಿಗಲಿ, ಪ್ರಾಜೆಕ್ಟ್ ಮುಗಿಯಲಿ, ಮನೆ ಸಾಲ ಸ್ವಲ್ಪ ಕರಗಲಿ ಎಂದು ವರ್ಷದಿಂದ ವರ್ಷಕ್ಕೆ ತಳ್ಳುತ್ತಲೂ ಹೋಗಬೇಡಿ. ಬಸ್ಸಿನ ಮೆಟ್ಟಿಲು ಎತ್ತರವಿರುತ್ತದೆ. ಅಪ್ಪ ಅಮ್ಮನ ಮಂಡಿ ಗಟ್ಟಿಯಿರುವಾಗಲೇ ಕರೆದುಕೊಂಡು ಹೋಗಿ.