ಕನಸು ನೆನಪಿದೆಯಾ ಎಂದು ಕೇಳುವ ಕೆಲಸ

ಬೆಂಗಳೂರಿನ ಒಂದು ಆಸ್ಪತ್ರೆಯ ಸ್ಲೀಪ್ ಲ್ಯಾಬಿನಲ್ಲಿ ನಾನು ರಾತ್ರಿ ಪಾಳಿಯ ಟೆಕ್ನಿಷಿಯನ್. ಗೊರಕೆ, ಉಸಿರು ಕಟ್ಟುವುದು, ನಿದ್ದೆಯಲ್ಲಿ ಕೂಗುವುದು ಇಂಥ ತೊಂದರೆ ಇರುವವರು ರಾತ್ರಿ ಬಂದು ನಮ್ಮಲ್ಲಿ ಮಲಗುತ್ತಾರೆ. ನೆತ್ತಿಗೆ, ಕಣ್ಣಿನ ಪಕ್ಕಕ್ಕೆ, ಗಲ್ಲಕ್ಕೆ, ಕಾಲಿಗೆ ವೈರು ಅಂಟಿಸಿ, ಎದೆ ಹೊಟ್ಟೆಗೆ ಬೆಲ್ಟ್ ಕಟ್ಟಿ, ಬೆರಳಿಗೆ ಕ್ಲಿಪ್ ಹಾಕಿ, ಪಕ್ಕದ ಕೋಣೆಯಲ್ಲಿ ಕೂತು ಬೆಳಗಾಗುವವರೆಗೂ ಅವರ ನಿದ್ದೆಯನ್ನು ಪರದೆಯ ಮೇಲೆ ನೋಡುತ್ತೇನೆ. ಬೆಳಿಗ್ಗೆ ವೈರು ಬಿಚ್ಚುವಾಗ ತುಂಬಿಸುವ ಫಾರಂನಲ್ಲಿ ಕನಸಿನ ಬಗ್ಗೆಯೂ ಒಂದು ಸಾಲಿದೆ. ಆ ಸಾಲನ್ನು ಸರಿಯಾಗಿ ತುಂಬಲು ಕಲಿಯುವುದಕ್ಕೆ ನನಗೆ ವರ್ಷಗಳೇ ಹಿಡಿದವು. ನಾನು ಡಾಕ್ಟರಲ್ಲ. ಇಲ್ಲಿರುವುದು ಹಾಸಿಗೆಯ ಪಕ್ಕ ನಿಂತು ತಪ್ಪು ಮಾಡಿ, ಆಮೇಲೆ ಓದಿ ತಿದ್ದಿಕೊಂಡದ್ದು.

1. "ನನಗೆ ಕನಸೇ ಬೀಳಲ್ಲ" ಎಂದವರಿಗೆ ತಲೆಯಾಡಿಸಬಾರದು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. "ಚಿಕ್ಕಂದಿನಿಂದ ನನಗೆ ಕನಸೇ ಬಿದ್ದಿಲ್ಲ ಕಣಮ್ಮ, ಇದೇನಾದ್ರೂ ಕಾಯಿಲೇನಾ?" ಎಂದು ಕೇಳಿದರು. "ಕೆಲವರಿಗೆ ಬೀಳಲ್ಲ ಮೇಷ್ಟ್ರೇ, ಯೋಚನೆ ಮಾಡ್ಬೇಡಿ" ಎಂದುಬಿಟ್ಟೆ. ಅದೇ ರಾತ್ರಿ ಪರದೆಯಲ್ಲಿ ಅವರ ಕಣ್ಣುಗಳು ರೆಪ್ಪೆಯ ಕೆಳಗೆ ಚುರುಕಾಗಿ ಓಡಾಡಿದ್ದನ್ನು, ಗಲ್ಲದ ಸ್ನಾಯು ಪೂರ್ತಿ ಸಡಿಲವಾದದ್ದನ್ನು ಹಲವು ಸಲ ನೋಡಿದ್ದೆ. ಅದೇ ರೆಮ್ ನಿದ್ದೆ. ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. ಈ ಹೊತ್ತಿನಲ್ಲಿ ಎಬ್ಬಿಸಿದರೆ ಹೆಚ್ಚಿನವರು ಕನಸು ಹೇಳುತ್ತಾರೆಂದು ಆಗಲೇ ಗೊತ್ತಾಯಿತು. 1959ರಲ್ಲಿ ಅಮೆರಿಕದ ಡೊನಾಲ್ಡ್ ಗುಡಿನಫ್ ಮತ್ತು ಸಂಗಡಿಗರು ಕನಸೇ ಬೀಳುವುದಿಲ್ಲ ಎನ್ನುವವರನ್ನೇ ಕರೆದು ಮಲಗಿಸಿ, ರೆಮ್ ನಿದ್ದೆಯ ನಡುವೆ ಎಬ್ಬಿಸಿದರು. ಉಳಿದವರಷ್ಟು ಸಲ ಅಲ್ಲದಿದ್ದರೂ ಅವರೂ ಕನಸು ಹೇಳಿದರು.

ಕನಸು ನಿಜಕ್ಕೂ ನಿಂತುಹೋಗುವುದು ಬೇರೆ ಸಂಗತಿ. ಪಾರ್ಶ್ವವಾಯುವೋ ಪೆಟ್ಟೋ ಆಗಿ ಮಿದುಳಿನ ಕೆಲವು ಭಾಗಗಳಿಗೆ ಹಾನಿಯಾದವರಲ್ಲಿ ಹೀಗಾಗುವುದನ್ನು ನರಮನಶ್ಶಾಸ್ತ್ರಜ್ಞ ಮಾರ್ಕ್ ಸೋಮ್ಸ್ 1997ರ ತಮ್ಮ ಪುಸ್ತಕದಲ್ಲಿ ವಿವರವಾಗಿ ದಾಖಲಿಸಿದ್ದಾರೆ. ಹಾಗಾಗಿ ಈಗ "ಮೊದಲಿಂದಲೂ ಹೀಗೇನಾ, ಇತ್ತೀಚೆಗೆ ಶುರುವಾಯ್ತಾ?" ಎಂದು ಕೇಳಿ ಬರೆದಿಡುತ್ತೇನೆ. ಮೇಷ್ಟ್ರಿಗೆ ಅವತ್ತು ನಾನು ಆ ಪ್ರಶ್ನೆ ಕೇಳಲಿಲ್ಲ.

2. ನೆನಪು ಅಂಟುವುದು ಎಚ್ಚರದಲ್ಲಿ.

ಗಾಢವಾಗಿ ಮಲಗುವವರಿಗೆ ಕನಸು ಚೆನ್ನಾಗಿ ನೆನಪಿರುತ್ತದೆ ಎಂದು ನಾನು ನಂಬಿದ್ದೆ. ರೋಗಿಗಳಿಗೂ ಹಾಗೇ ಹೇಳುತ್ತಿದ್ದೆ. ಫ್ರಾನ್ಸಿನ ಲಿಯಾನ್‌ನಲ್ಲಿ ಪೆರೀನ್ ರುಬಿ ಅವರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದ ಮೇಲೆ ಅದು ತಲೆಕೆಳಗಾಯಿತು. ವಾರದಲ್ಲಿ ಸುಮಾರು ಐದು ದಿನ ಕನಸು ನೆನಪಿರುವವರನ್ನೂ ತಿಂಗಳಿಗೆ ಎರಡು ಸಲ ಮಾತ್ರ ನೆನಪಿರುವವರನ್ನೂ ಅವರು ಹೋಲಿಸಿದರು. ಮೊದಲ ಗುಂಪಿನವರು ರಾತ್ರಿ ನಿದ್ದೆಯ ನಡುನಡುವೆ ಒಟ್ಟು ಅರ್ಧ ಗಂಟೆಯಷ್ಟು ಎಚ್ಚರವಿದ್ದರು, ಎರಡನೆಯವರು ಅದರ ಅರ್ಧದಷ್ಟು. ಮಲಗಿದ್ದಾಗ ಹೆಸರುಗಳನ್ನು ಕೇಳಿಸಿದರೆ ಮೊದಲ ಗುಂಪಿನವರ ಮಿದುಳು ಹೆಚ್ಚು ಪ್ರತಿಕ್ರಿಯಿಸುತ್ತಿತ್ತು. ಅಂದರೆ ಕಾರಿಡಾರಿನಲ್ಲಿ ಟ್ರಾಲಿ ಕಿರುಗುಟ್ಟಿದರೆ ಮಗ್ಗುಲು ಬದಲಿಸುವವರು ಇವರು.

ಹಾಗಿದ್ದರೆ ಗಂಟೆಗೆ 30 ಸಲಕ್ಕಿಂತ ಹೆಚ್ಚು ಉಸಿರು ಕಟ್ಟಿ ನಿದ್ದೆ ಕೆಡುವ ನಮ್ಮ ರೋಗಿಗಳಿಗೆ ಕನಸುಗಳು ರಾಶಿ ರಾಶಿ ನೆನಪಿರಬೇಕಲ್ಲ? ಇದು ನನ್ನನ್ನು ಬಹಳ ಕಾಡಿತು. ಉತ್ತರ ನನ್ನ ಪರದೆಯಲ್ಲೇ ಇತ್ತು. ಮೂರು ಸೆಕೆಂಡಿನಷ್ಟು ಮಿದುಳಿನ ಅಲೆ ಬದಲಾದರೂ ನಾವು ಅದನ್ನು ನಿದ್ದೆ ಕೆಟ್ಟದ್ದೆಂದು ಗುರುತು ಹಾಕುತ್ತೇವೆ. ಅಷ್ಟು ಚಿಕ್ಕ ಎಚ್ಚರ ಬೆಳಿಗ್ಗೆ ಅವರಿಗೇ ನೆನಪಿರುವುದಿಲ್ಲ, ಅದರಲ್ಲಿ ಕನಸು ಹೇಗೆ ಉಳಿದೀತು. ಅವರಿಗೆ ಗಾಳಿ ಊದಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಮಷೀನು ಹಾಕಿದ ಮೊದಲ ರಾತ್ರಿ, ಅಷ್ಟು ದಿನ ತಪ್ಪಿಹೋಗಿದ್ದ ರೆಮ್ ನಿದ್ದೆ ಉದ್ದುದ್ದಕ್ಕೆ ಬರುತ್ತದೆ. ಮರುದಿನ ಬೆಳಿಗ್ಗೆ ಕೆಲವರು ನಾನು ಕೇಳುವ ಮೊದಲೇ ಕನಸು ಹೇಳತೊಡಗುತ್ತಾರೆ. ಆ ಬೆಳಗುಗಳು ನನಗೆ ಬಹಳ ಇಷ್ಟ.

3. ಟ್ಯೂಬ್‌ಲೈಟ್ ಹಾಕಿ ಕೇಳಿದರೆ ಕನಸು ಸಿಗುವುದಿಲ್ಲ.

ನಾನು ಹೆಚ್ಚು ಹಾಳು ಮಾಡಿದ್ದು ಇಲ್ಲೇ. ಆರು ಗಂಟೆಗೆ ಬಾಗಿಲು ತೆಗೆದು, ಲೈಟ್ ಹಾಕಿ, "ಗುಡ್ ಮಾರ್ನಿಂಗ್ ಸರ್, ನಿದ್ದೆ ಬಂತಾ? ಬಾತ್‌ರೂಮಿಗೆ ಹೋಗ್ಬೇಕಾ? ಕಾಫಿ ಹೇಳ್ಲಾ?" ಎಂದು ಕೇಳುತ್ತಾ, ನೆತ್ತಿಯ ಪೇಸ್ಟನ್ನು ಬಿಸಿನೀರಿನಲ್ಲಿ ಒರೆಸುತ್ತಾ, ಎಲ್ಲ ಮುಗಿದ ಮೇಲೆ ಕೊನೆಗೆ "ಕನಸು ಬಿತ್ತಾ?" ಎನ್ನುತ್ತಿದ್ದೆ. "ಇಲ್ಲ" ಎಂಬ ಉತ್ತರ ಬರುತ್ತಿತ್ತು. ಫಾರಂನಲ್ಲಿ "ಇಲ್ಲ" ಎಂದು ಬರೆಯುತ್ತಿದ್ದೆ. ಕೊನೆಯ ರೆಮ್ ನಿದ್ದೆಯ ನಡುವಿನಿಂದಲೇ ಎದ್ದವರ ವಿಷಯದಲ್ಲೂ ಹಾಗೇ ಬರೆದಿದ್ದೇನೆ. ಇಂಥ ಫಾರಂಗಳು ಎಷ್ಟೋ ಹೋಗಿವೆ.

ಒಂದು ಬೆಳಿಗ್ಗೆ ಕರೆಂಟ್ ಹೋಗಿ ಜನರೇಟರ್ ಶುರುವಾಗಲು ತಡವಾಯಿತು. ಕತ್ತಲಲ್ಲಿ ಹಾಸಿಗೆಯ ಪಕ್ಕ ಸುಮ್ಮನೆ ನಿಂತಿದ್ದೆ. ಮಲಗಿದ್ದ ಹೆಂಗಸು ಕಣ್ಣು ಬಿಡದೆಯೇ, ತೀರಿಹೋದ ಅಕ್ಕ ಹಿತ್ತಲಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದಳು ಎಂದು ನಿಧಾನವಾಗಿ ಹೇಳತೊಡಗಿದರು. ಅವರು "ನನಗೇನೂ ನೆನಪಿರಲ್ಲ" ಎಂದು ರಾತ್ರಿ ಬರೆಸಿದ್ದವರು.

ರೆಮ್ ನಿದ್ದೆಯಲ್ಲಿ ಮಿದುಳಿನಲ್ಲಿ ನೊರ್‌ಅಡ್ರಿನಲಿನ್ ಎಂಬ ರಾಸಾಯನಿಕ ಬಹಳ ಕಡಿಮೆ ಇರುತ್ತದೆ. ಆಗಿನ ಅನುಭವ ಅಚ್ಚೊತ್ತಿ ಉಳಿಯಲು ಅದೂ ಒಂದು ಅಡ್ಡಿ ಎಂದು ವಿಜ್ಞಾನಿಗಳು ಹೇಳುತ್ತಾರೆ. 2019ರಲ್ಲಿ ಜಪಾನಿನ ನಗೋಯಾದ ಸಂಶೋಧಕರು, ರೆಮ್ ನಿದ್ದೆಯಲ್ಲಿ ಚುರುಕಾಗಿ ಮರೆವಿಗೆ ನೆರವಾಗುವ ನರಕೋಶಗಳನ್ನು ಇಲಿಗಳಲ್ಲಿ ತೋರಿಸಿದರು. ಅಂಥ ಸ್ಥಿತಿಯಿಂದ ಹೊರಬರುತ್ತಿರುವವರ ತಲೆಗೆ ನಾನು ಕಾಫಿ, ಬಾತ್‌ರೂಮು ತುಂಬಿಸುತ್ತಿದ್ದೆ. ಈಗ ಲೈಟ್ ಹಾಕುವುದಿಲ್ಲ. "ಅಲುಗಾಡ್ಬೇಡಿ, ಹಾಗೇ ಇರಿ" ಎಂದು ಹೇಳಿ, ಬೇರೆ ಯಾವ ಮಾತಿಗೂ ಮೊದಲು ಕನಸಿನ ಮಾತು.

ಪ್ರಶ್ನೆಯೂ ಬದಲಾಗಿದೆ. "ಕನಸು ಬಿತ್ತಾ?" ಎಂದರೆ ಜನ ಕತೆಯಂಥದ್ದನ್ನು ಹುಡುಕುತ್ತಾರೆ, ಸಿಗದಿದ್ದರೆ ಇಲ್ಲ ಎನ್ನುತ್ತಾರೆ. ರೆಮ್ ಅಲ್ಲದ ನಿದ್ದೆಯಿಂದ ಎಬ್ಬಿಸಿದರೆ ಕನಸು ಸಿಗುವುದು ಅಪರೂಪ ಎಂದೇ ಸಂಶೋಧಕರು ಮೊದಲು ಎಣಿಸಿದ್ದರು. 1962ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಫೌಲ್ಕ್ಸ್, ಮನಸ್ಸಿನಲ್ಲಿ ಏನು ಓಡುತ್ತಿತ್ತು ಎಂದು ಕೇಳಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಸಲ ಏನೋ ಒಂದು ಸಿಕ್ಕಿತು. ನಾನೂ ಹಾಗೇ ಕೇಳುತ್ತೇನೆ. "ಏನೋ ಇತ್ತು, ಹೋಯ್ತು" ಎಂದರೂ ಅದನ್ನೇ ಬರೆಯುತ್ತೇನೆ. ಅದನ್ನು "ಇಲ್ಲ" ಎಂಬ ಖಾನೆಗೆ ಹಾಕುವುದಿಲ್ಲ.

4. ಬೆಳಗಿನ ಜಾವದ ಕನಸಿನ ಬಗ್ಗೆ ಅಜ್ಜಿಯರು ಗಮನಿಸಿದ್ದು ಸುಳ್ಳಲ್ಲ.

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ರೋಗಿಗಳು ಹೇಳಿದಾಗ ಮೊದಲೆಲ್ಲ ನಾನು ಮೂಢನಂಬಿಕೆ ಎಂದು ಮಾತು ಮುಗಿಸುತ್ತಿದ್ದೆ. ನಿಜವಾಗುತ್ತದೆ ಎಂದು ಈಗಲೂ ನಾನು ಒಪ್ಪುವುದಿಲ್ಲ. ಆದರೆ ಆ ಹೊತ್ತಿನ ಕನಸೇ ಬೇರೆ ಎಂದು ಗುರುತಿಸಿದ ಕಣ್ಣು ದೊಡ್ಡದು. ಸುಮಾರು 90 ನಿಮಿಷಕ್ಕೊಮ್ಮೆ ಬರುವ ರೆಮ್ ನಿದ್ದೆ ಮೊದಲ ಸುತ್ತಿನಲ್ಲಿ ಕೆಲವೇ ನಿಮಿಷ. ಬೆಳಗಿನ ಕಡೆಗೆ ಅರ್ಧ ಗಂಟೆಯವರೆಗೂ ಹಿಗ್ಗುತ್ತದೆ. ಎಚ್ಚರಕ್ಕೂ ಅದೇ ಹತ್ತಿರ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕಾಲ್ಕಿನ್ಸ್, ರಾತ್ರಿಯ ಬೇರೆ ಬೇರೆ ಹೊತ್ತಿಗೆ ಎದ್ದು ಕನಸು ಬರೆದಿಟ್ಟು, ಹೆಚ್ಚಿನವು ಬೆಳಗಿನ ಜಾವದವೇ ಎಂದು 1893ರಲ್ಲೇ ಪ್ರಕಟಿಸಿದ್ದರು. ನಾಲ್ಕೂವರೆಗೆ ಅಲಾರಂ ಇಟ್ಟು ಬಸ್ ಡಿಪೋಗೆ ಓಡುವವರು, ಹಾಲಿನ ಗಾಡಿಯವರು ಕನಸೇ ನೆನಪಿಲ್ಲ ಎಂದರೆ ಮೊದಲು ಅವರು ಏಳುವ ಹೊತ್ತು ಕೇಳಿ.

5. "ನೆನಪಿಲ್ಲ" ಎಂದರೆ ಕೆಲವೊಮ್ಮೆ "ಹೇಳಲಾರೆ" ಎಂದರ್ಥ.

ಕೆಟ್ಟ ಕನಸನ್ನು ಬಾಯಿಬಿಟ್ಟು ಹೇಳಬಾರದು ಎಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ಒಬ್ಬ ಹುಡುಗನನ್ನು ಅವನ ತಾಯಿಯ ಎದುರಿಗೇ ಮತ್ತೆ ಮತ್ತೆ ಕೇಳಿ ನಾನು ಅಳಿಸಿದ್ದೇನೆ. ಈಗ ಒಂದೇ ಸಲ, ಒಬ್ಬರೇ ಇದ್ದಾಗ ಕೇಳುತ್ತೇನೆ.

6. ಮಾತ್ರೆಯ ಮಾತು ನನ್ನದಲ್ಲ.

ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ರೆಮ್ ನಿದ್ದೆಯನ್ನು ಕಡಿಮೆ ಮಾಡುತ್ತವೆ. ರಾತ್ರಿ ಕುಡಿದು ಮಲಗಿದರೂ ಮೊದಲರ್ಧ ರಾತ್ರಿಯಲ್ಲಿ ಅದು ಕುಗ್ಗುತ್ತದೆ. ಇದನ್ನು ಹೊಸದಾಗಿ ಓದಿದ ಉತ್ಸಾಹದಲ್ಲಿ, "ಮೊದಲಿನಂತೆ ಕನಸು ನೆನಪಿರಲ್ಲ" ಎಂದ ಯುವಕನೊಬ್ಬನಿಗೆ "ನಿಮ್ಮ ಮಾತ್ರೆಯಿಂದಲೂ ಇರಬಹುದು" ಎಂದೆ. ಆತ ಮನೆಗೆ ಹೋಗಿ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದ. ಕೆಲವೇ ದಿನಗಳಲ್ಲಿ ಭಯಂಕರ ಕನಸುಗಳು, ನಿದ್ದೆಯೇ ಇಲ್ಲ. ಅಣ್ಣ ಕರೆದುಕೊಂಡು ಓಡಿಬಂದರು. ಹಠಾತ್ತಾಗಿ ನಿಲ್ಲಿಸಿದರೆ ತಡೆದಿಟ್ಟ ರೆಮ್ ನಿದ್ದೆ ಒಮ್ಮೆಲೇ ನುಗ್ಗುತ್ತದೆ ಎಂಬುದು ನನಗೆ ಗೊತ್ತಿತ್ತು. ಹೇಳಬೇಕಾಗಿದ್ದದ್ದು ಅದು, ಅದೂ ಡಾಕ್ಟರ ಬಾಯಿಂದ. ಆತ ಸುಧಾರಿಸಿಕೊಂಡರೂ ಆ ಅಣ್ಣನ ಮುಖ ನನಗೆ ಮರೆತಿಲ್ಲ. ಮಾತ್ರೆಗಳ ಹೆಸರನ್ನು ಈಗ ಅಕ್ಷರ ತಪ್ಪದಂತೆ ಬರೆದುಕೊಂಡು, ಡಾಕ್ಟರನ್ನು ಕೇಳದೆ ಒಂದನ್ನೂ ಬಿಡಬೇಡಿ ಎಂದಷ್ಟೇ ಹೇಳುತ್ತೇನೆ.

7. ಹೆಂಡತಿಯನ್ನೂ ಕೇಳಿ.

"ನಮ್ಮ ಯಜಮಾನ್ರು ರಾತ್ರಿ ಒದೀತಾರಮ್ಮ, ಯಾರನ್ನೋ ಓಡಿಸ್ಕೊಂಡು ಹೋದ ಹಾಗೆ ಕೂಗ್ತಾರೆ" ಎಂದು ಅಮ್ಮನೊಬ್ಬರು ಹೇಳಿದಾಗ, ಪಕ್ಕದಲ್ಲೇ ಇದ್ದ ಯಜಮಾನರು ತಮಗೆ ಕನಸೇ ಇಲ್ಲ ಎಂದರು. ನಾನು ಅವರ ಮಾತನ್ನೇ ಬರೆದುಕೊಂಡೆ, ಆಕೆಯ ಮಾತನ್ನು ಬರೆಯಲಿಲ್ಲ. ಬೆಳಗಿನ ಜಾವ ಕ್ಯಾಮೆರಾದಲ್ಲಿ ಅವರು ಎಡಗೈ ಮುಂದೆ ಹಿಡಿದು ಬಲಗೈ ಬೀಸುತ್ತಿದ್ದರು. ಅಲೆಗಳಲ್ಲಿ ರೆಮ್ ನಿದ್ದೆ, ಆದರೆ ಸಡಿಲವಾಗಬೇಕಿದ್ದ ಗಲ್ಲದ ಸ್ನಾಯು ಬಿಗಿಯಾಗಿತ್ತು. ಎಬ್ಬಿಸಿ ಕೇಳಿದರೆ ಏನೂ ನೆನಪಿಲ್ಲ. ಪ್ಯಾರಿಸ್ಸಿನ ಇಸಾಬೆಲ್ ಆರ್ನುಲ್ಫ್ ಅವರ ತಂಡ 2015ರಲ್ಲಿ ಇಂಥವರನ್ನೇ ಅಧ್ಯಯನ ಮಾಡಿತು. ಕನಸೇ ಕಂಡಿಲ್ಲ ಎನ್ನುವ ಇವರು ನಿದ್ದೆಯಲ್ಲಿ ವಾದ ಮಾಡುತ್ತಾರೆ, ಹೊಡೆದಾಡುತ್ತಾರೆ. ಅಂದರೆ ಕನಸು ನಡೆಯುತ್ತಿದೆ, ನೆನಪು ಮಾತ್ರ ಇಲ್ಲ.

ಹೀಗೆ ಕೈಕಾಲು ಆಡುವವರಲ್ಲಿ ಅನೇಕರಿಗೆ ವರ್ಷಗಳ ನಂತರ ಪಾರ್ಕಿನ್ಸನ್ ಅಥವಾ ಅದರ ಬಳಗದ ಕಾಯಿಲೆ ಕಾಣಿಸಿಕೊಳ್ಳಬಹುದಾದ್ದರಿಂದ ನರರೋಗ ತಜ್ಞರು ನೋಡಲೇಬೇಕು. ಆ ಮಾತನ್ನು ಹೇಗೆ, ಯಾವಾಗ ಹೇಳಬೇಕೆಂಬುದನ್ನು ಅವರಿಗೇ ಬಿಡುತ್ತೇನೆ. ನಾನು ಹೇಳುವುದು ಇಷ್ಟೇ: ಮಂಚದ ಪಕ್ಕದ ಗಾಜಿನ ಟೀಪಾಯಿ ತೆಗೆಯಿರಿ, ಕಿಟಕಿಯ ಕಡೆ ಮಲಗಿಸಬೇಡಿ, ನೆಲದ ಮೇಲೊಂದು ಹಾಸಿಗೆ ಹಾಕಿಡಿ, ಮುಂದಿನ ಸಲ ಬರುವಾಗ ಅಮ್ಮನೂ ಜೊತೆಗೆ ಬರಲಿ.