ಶಾಲಾ ಗಣಕಯಂತ್ರದ ಜೋಡಣೆ: ವಿದ್ಯುತ್ ಘಟಕದ ಆಯ್ಕೆ

ಸಿದ್ಧ ಗಣಕಯಂತ್ರವನ್ನು ಕೊಳ್ಳುವುದಕ್ಕಿಂತ ಬಿಡಿಭಾಗಗಳನ್ನು ಆರಿಸಿ ತಂದು ಜೋಡಿಸಿಕೊಳ್ಳುವುದು ಮಿತವ್ಯಯದ ಮಾರ್ಗವೆಂದು ಅನೇಕ ಶಾಲೆಗಳು ಭಾವಿಸುತ್ತವೆ. ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದೆಂಬ ಅನುಕೂಲವೂ ಅದರಲ್ಲುಂಟು. ಆದರೆ ಇಂತಹ ಜೋಡಣೆಯ ಅಂದಾಜು ಪಟ್ಟಿಯಲ್ಲಿ ಒಂದು ವೈಚಿತ್ರ್ಯ ಆಗಾಗ ಕಂಡುಬರುತ್ತದೆ. ಪ್ರೊಸೆಸರ್, ರ‍್ಯಾಮ್, ಮಾನಿಟರುಗಳ ಮಾದರಿ ಮತ್ತು ಬೆಲೆ ವಿವರವಾಗಿ ನಮೂದಾಗಿರುತ್ತವೆ. ಇವೆಲ್ಲಕ್ಕೂ ವಿದ್ಯುತ್ತನ್ನು ಒದಗಿಸುವ ಘಟಕ ಮಾತ್ರ ‘ಕ್ಯಾಬಿನೆಟ್, ಎಸ್.ಎಂ.ಪಿ.ಎಸ್. ಸಹಿತ’ ಎಂಬ ಮೂರು ಮಾತಿನಲ್ಲಿ ಮುಗಿದುಹೋಗಿರುತ್ತದೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಪರಿಸರದಲ್ಲಿ ಯಂತ್ರದ ಆಯುಸ್ಸನ್ನು ನಿರ್ಧರಿಸುವುದು ಬಹುಮಟ್ಟಿಗೆ ಈ ಮೂರು ಮಾತೇ.

ಗೋಡೆಯ ಸಾಕೆಟ್ಟಿನಿಂದ ದೊರೆಯುವುದು 230 ವೋಲ್ಟ್, 50 ಹರ್ಟ್ಸಿನ ಪರ್ಯಾಯ ವಿದ್ಯುತ್ತು. ಯಂತ್ರದ ಒಳಭಾಗಗಳಿಗೆ ಬೇಕಾದುದು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತು. ಈ ಪರಿವರ್ತನೆಯೇ ಘಟಕದ ಕಾರ್ಯ. 1995ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ ಎ.ಟಿ.ಎಕ್ಸ್. ಮಾನದಂಡದಿಂದಾಗಿ ಒಬ್ಬ ತಯಾರಕನ ಘಟಕ ಮತ್ತೊಬ್ಬನ ಮದರ್‌ಬೋರ್ಡಿಗೆ ಹೊಂದುತ್ತದೆ. ಆದರೆ ಹೊಂದುವುದು ಬೇರೆ, ಭಾರ ಹೊರುವುದು ಬೇರೆ. ಇಂದಿನ ಪ್ರೊಸೆಸರುಗಳು ತಮ್ಮ ಶಕ್ತಿಯನ್ನು 12 ವೋಲ್ಟಿನ ತಂತಿಗಳಿಂದಲೇ ಪಡೆಯುತ್ತವೆ. ಆದಕಾರಣ ಡಬ್ಬದ ಮೇಲಿನ ದೊಡ್ಡ ಅಂಕಿಯನ್ನು ಬಿಟ್ಟು, ಘಟಕದ ಪಕ್ಕಕ್ಕೆ ಅಂಟಿಸಿದ ಚೀಟಿಯನ್ನು ಓದಬೇಕು. ‘450 ವಾಟ್’ ಎಂದು ಹೆಸರಿಟ್ಟ ಘಟಕದ ಚೀಟಿಯಲ್ಲಿ 12 ವೋಲ್ಟಿನ ಎದುರು 16 ಆಂಪಿಯರ್ ಎಂದಿದ್ದರೆ, ಗುಣಿಸಿದಾಗ ದೊರೆಯುವುದು 192 ವಾಟ್ ಮಾತ್ರ. ಅದೇ ಸ್ಥಳದಲ್ಲಿ 36 ಆಂಪಿಯರ್ ಇದ್ದರೆ 432 ವಾಟ್. ಏಳನೆಯ ತರಗತಿಯ ಬಾಲಕನೂ ಮಾಡಬಲ್ಲ ಈ ಗುಣಾಕಾರವನ್ನು ಅಂಗಡಿಯಲ್ಲಿ ನಿಂತು ಮಾಡುವವರು ವಿರಳ.

ಶಾಲೆಯ ಯಂತ್ರಕ್ಕೆ ಎಷ್ಟು ಬೇಕು? ಪ್ರೊಸೆಸರಿನ ಮೇಲೆ 65 ವಾಟ್ ಎಂದು ಬರೆದಿದ್ದರೂ ಕೆಲಸದ ಒತ್ತಡದಲ್ಲಿ ಅದು ನೂರನ್ನು ಮೀರುವುದುಂಟು. ಮದರ್‌ಬೋರ್ಡ್, ರ‍್ಯಾಮ್, ಎಸ್.ಎಸ್.ಡಿ., ಪಂಖಗಳಿಗೆ ಮತ್ತೆ ನಲವತ್ತೈವತ್ತು ವಾಟ್. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರ ಒಟ್ಟಿನಲ್ಲಿ 200 ವಾಟಿನ ಒಳಗೇ ಉಳಿಯುತ್ತದೆ. ನಿಜವಾದ 400 ಅಥವಾ 450 ವಾಟಿನ ಘಟಕ ಇದಕ್ಕೆ ಧಾರಾಳವಾಯಿತು. 750 ವಾಟಿನದನ್ನು ಕೊಳ್ಳುವುದು ದುಂದು. ದಕ್ಷತೆಯನ್ನು ತಿಳಿಯಲು 2004ರಲ್ಲಿ ಆರಂಭವಾದ ‘80 ಪ್ಲಸ್’ ಮುದ್ರೆ ನೆರವಾಗುತ್ತದೆ. 100 ವಾಟ್ ಬಳಸುವ ಯಂತ್ರಕ್ಕೆ ಶೇಕಡ 80ರ ದಕ್ಷತೆಯ ಘಟಕ ಗೋಡೆಯಿಂದ 125 ವಾಟ್ ಸೆಳೆದರೆ, ಶೇಕಡ 70ರದು ಸುಮಾರು 143 ವಾಟ್ ಸೆಳೆಯುತ್ತದೆ. ಇಪ್ಪತ್ತು ಯಂತ್ರಗಳು ದಿನಕ್ಕೆ ಆರು ಗಂಟೆಯಂತೆ ವರ್ಷದಲ್ಲಿ 200 ದಿನ ನಡೆದರೆ ಈ ಅಂತರ ಸುಮಾರು 430 ಯೂನಿಟ್ಟಾಗುತ್ತದೆ. ಆ ವಿದ್ಯುತ್ತೆಲ್ಲ ಕೊಠಡಿಯಲ್ಲಿ ಶಾಖವಾಗಿ ಉಳಿಯುತ್ತದೆ.

ಈ ಶಾಖ ಹಂಪಿಯ ಬಂಡೆಗಳ ಸೀಮೆಯಲ್ಲಿ ಸಣ್ಣ ಮಾತಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊರಗಿನ ಉಷ್ಣತೆಯೇ 40 ಡಿಗ್ರಿಯನ್ನು ಮುಟ್ಟುತ್ತದೆ. ಕ್ಯಾಬಿನೆಟ್ಟಿನೊಳಗೆ ಇನ್ನೂ ಹೆಚ್ಚು. ಅಗ್ಗದ ಘಟಕಗಳ ಸಾಮರ್ಥ್ಯವನ್ನು 25 ಡಿಗ್ರಿಯಲ್ಲಿ ಅಳೆದು ಹೇಳುವುದುಂಟು. ಉತ್ತಮವಾದವುಗಳನ್ನು 40 ಅಥವಾ 50 ಡಿಗ್ರಿಯಲ್ಲಿ ಅಳೆದಿರುತ್ತಾರೆ. ಘಟಕದೊಳಗಿನ ಕೆಪಾಸಿಟರುಗಳ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಸಂಡೂರಿನ ಅದಿರಿನ ಕೆಂಪು ದೂಳು ಪಂಖದ ಮೂಲಕ ಒಳಹೊಕ್ಕು ಲೋಹದ ರೆಕ್ಕೆಗಳ ಮೇಲೆ ಹೊದಿಕೆಯಂತೆ ಕುಳಿತರೆ ತಾಪ ಹೊರಹೋಗುವ ದಾರಿಯೇ ಕಟ್ಟುತ್ತದೆ. ಕಂಪ್ಲಿಯ ಗದ್ದೆಬಯಲಿನಲ್ಲಿ ದೂಳಿಗಿಂತ ತೇವ ಮತ್ತು ಇಲಿ, ಹಲ್ಲಿಗಳ ಕಾಟ. ಅಲ್ಲಿ ಕ್ಯಾಬಿನೆಟ್ಟಿನ ಹಿಂಬದಿಯ ಖಾಲಿ ಕಿಂಡಿಗಳನ್ನು ತಗಡಿನಿಂದ ಮುಚ್ಚುವುದು ಅವಶ್ಯಕ.

ತುಂಗಭದ್ರಾ ಅಣೆಕಟ್ಟಿನ ಬುಡದಲ್ಲಿಯೇ ವಿದ್ಯುದಾಗಾರವಿದ್ದರೂ, ಮಾರ್ಗದ ತುದಿಯ ಹಳ್ಳಿಯ ಶಾಲೆಗೆ ಸ್ಥಿರವಾದ ವೋಲ್ಟೇಜು ದೊರೆಯುವುದೆಂದು ಹೇಳಲಾಗದು. ಪಂಪ್‌ಸೆಟ್ಟುಗಳು ಒಟ್ಟಿಗೆ ಚಾಲನೆಗೊಂಡಾಗ ಅದು ಕುಸಿಯುತ್ತದೆ. 100ರಿಂದ 240 ವೋಲ್ಟಿನವರೆಗೂ ನಡೆಯುವ ಘಟಕಕ್ಕೆ ಈ ಕುಸಿತ ಬಾಧಕವಲ್ಲ. ವಿದ್ಯುತ್ತು ಪೂರ್ಣ ನಿಂತಾಗ ಸಾಮಾನ್ಯ ಯು.ಪಿ.ಎಸ್. ಬ್ಯಾಟರಿಗೆ ಹೊರಳಲು 4ರಿಂದ 10 ಮಿಲಿಸೆಕೆಂಡು ಹಿಡಿಯುತ್ತದೆ. ಒಳ್ಳೆಯ ಘಟಕ ಪೂರ್ಣ ಭಾರದಲ್ಲಿಯೂ ಸುಮಾರು 16 ಮಿಲಿಸೆಕೆಂಡು ಉಸಿರು ಹಿಡಿದಿರುತ್ತದೆ. ಕಳಪೆಯದು ಅಷ್ಟರೊಳಗೆ ಕೈಚೆಲ್ಲುತ್ತದೆ. ಯು.ಪಿ.ಎಸ್. ಇದ್ದೂ ಯಂತ್ರ ಆರಿಹೋಗುವುದಕ್ಕೆ ಇದು ಒಂದು ಕಾರಣ. 600 ವಿ.ಎ. ಎಂಬುದು 600 ವಾಟ್ ಅಲ್ಲ, ಸಾಮಾನ್ಯವಾಗಿ 360 ವಾಟ್ ಎಂಬುದನ್ನೂ ಲೆಕ್ಕದಲ್ಲಿ ಹಿಡಿಯಬೇಕು.

ಭೂಸಂಪರ್ಕದ ವಿಷಯ ಎಲ್ಲಕ್ಕಿಂತ ಉಪೇಕ್ಷಿತ. ಮೂರು ಕಡ್ಡಿಯ ಪ್ಲಗ್ಗು ಇದ್ದ ಮಾತ್ರಕ್ಕೆ ಭೂಸಂಪರ್ಕವಿದೆಯೆಂದು ಅರ್ಥವಲ್ಲ. ಇದ್ದಿಲು, ಉಪ್ಪು ತುಂಬಿದ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಅದರ ರೋಧ ಏರುತ್ತದೆ. ಕ್ಯಾಬಿನೆಟ್ಟನ್ನು ಮುಟ್ಟಿದ ಮಕ್ಕಳಿಗೆ ಜುಮ್ಮೆನ್ನುವುದು ಅದರ ಸೂಚನೆ. ಗುಂಡಿಗೆ ನೀರು ಹಾಕಿಸಿ, ವರ್ಷಕ್ಕೊಮ್ಮೆ ರೋಧವನ್ನು ಅಳೆಯಿಸಬೇಕು. ದಾನಿಯ ಹೆಸರನ್ನು ಪ್ರೊಸೆಸರಿನ ಪೆಟ್ಟಿಗೆಯ ಮೇಲೆ ಬರೆಯಿಸಬಹುದು, ಗುಂಡಿಯ ಮೇಲೆ ಬರೆಯಿಸಲಾಗದು. ಆದರೂ ಆ ದಾನ ಉಳಿಯುವುದು ಗುಂಡಿಯಿಂದ. ಕಳಪೆ ಘಟಕ ಸುಟ್ಟಾಗ ಕೆಲವೊಮ್ಮೆ ಮದರ್‌ಬೋರ್ಡನ್ನೂ, ಮಕ್ಕಳ ಅಂಕಪಟ್ಟಿಗಳಿದ್ದ ಡಿಸ್ಕನ್ನೂ ತನ್ನೊಡನೆ ಒಯ್ಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಭಾಗಗಳನ್ನು ತರಿಸಿದ್ದರೆ, ಖಾತರಿಯ ಬದಲಿಗಾಗಿ 300 ಕಿ.ಮೀ.ಗೂ ಮೀರಿದ ದಾರಿಯನ್ನು ಮತ್ತೆ ಸವೆಸಬೇಕಾದೀತು. ಸಮೀಪದಲ್ಲಿ ಸೇವಾಕೇಂದ್ರವುಳ್ಳ ಹೆಸರನ್ನು ಆರಿಸುವುದು ವಿಹಿತ.

ಮೂರು ತಿಂಗಳಿಗೊಮ್ಮೆ ಬ್ಲೋವರಿನಿಂದ ದೂಳು ತೆಗೆಯುವಾಗ ಪಂಖದ ರೆಕ್ಕೆಯನ್ನು ಕಡ್ಡಿಯಿಂದ ತಡೆಹಿಡಿಯಬೇಕು. ವಿದ್ಯುತ್ ಘಟಕದ ತಿರುಪುಗಳನ್ನು ಮಾತ್ರ ವಿದ್ಯಾರ್ಥಿಗಳಾಗಲಿ ಅಧ್ಯಾಪಕರಾಗಲಿ ಬಿಚ್ಚತಕ್ಕದ್ದಲ್ಲ. ಪ್ಲಗ್ಗನ್ನು ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕ ವಿದ್ಯುತ್ತು ಕೆಲಕಾಲ ನಿಂತಿರುತ್ತದೆ.